ಅಲ್ಯೂಮಿನಿಯಂ ಬೇಲಿ ಹಾಕಿಸುವ ಮುಂಚೆ ದಣಪೆ ಎಲ್ಲಿತ್ತು ನೋಡಿ

ನಮ್ಮ ಮನೆಯ ಬೇಲಿಗೆ ಎರಡು ಗೇಟಿವೆ. ಒಂದು ರಸ್ತೆ ಕಡೆಯದು, ಹತ್ತು ಅಡಿ ಅಗಲ. ಬೇಲಿ ಹಾಕಿಸಿದಾಗಲೇ ಕೂರಿಸಿದ್ದು. ಇನ್ನೊಂದು ಹಿತ್ತಲ ಮೂಲೆಯಲ್ಲಿದೆ, ಮೂರೂವರೆ ಅಡಿಯದು. ಅದನ್ನು ಕೂರಿಸಿದ್ದು ಬೇಲಿ ಮುಗಿದು ಒಂದು ವರ್ಷವಾದ ಮೇಲೆ, ಹೊಸ ಬೇಲಿಯ ಒಂದು ಭಾಗವನ್ನು ಬಿಚ್ಚಿ ತೆಗೆದು.

ಆ ಚಿಕ್ಕ ಗೇಟು ಯಾಕೆ ಬೇಕಾಯಿತು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ನಮ್ಮದು ಹೊನ್ನಾವರ ಮತ್ತು ಕುಮಟೆಯ ನಡುವೆ, ಕಡಲಿಗೆ ಹತ್ತಿರದ ಊರು. ಇಲ್ಲಿ ಈಗ ದೀಪಾವಳಿ ಕಳೆದರೆ ಸಾಕು, ಒಂದಲ್ಲ ಒಂದು ಮನೆಯ ಮುಂದೆ ಅಲ್ಯೂಮಿನಿಯಂ ಪೈಪು ಇಳಿಯುತ್ತದೆ. ಹಾಕಿಸುವವರು ಕೇಳುವುದು ಎರಡೇ ಪ್ರಶ್ನೆ. ಯಾವ ಬಣ್ಣ? ಅಡಿಗೆ ಎಷ್ಟು? ನಾವೂ ಅಷ್ಟೇ ಕೇಳಿದ್ದೆವು. ಕೇಳಬೇಕಾದದ್ದು ಬೇರೆ ಇತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಡಲ ದಂಡೆಯಲ್ಲಿ ಅಲ್ಯೂಮಿನಿಯಂ ಬೇಲಿ ಒಳ್ಳೆಯದೇ. ಆದರೆ ಅದು ಮನೆಯ ಮುಂಭಾಗಕ್ಕೆ ಸಾಕು, ನಾಲ್ಕೂ ಸುತ್ತಿಗೆ ಬೇಡ. ಬೇಲಿಗೆ ಹಾಕುವ ದುಡ್ಡು ಕಣ್ಣಿಗೆ ಕಾಣುವ ಹೊಳಪಿಗಿಂತ ಮಣ್ಣಿನೊಳಗಿನ ಕಂಬಕ್ಕೆ ಹೋಗಬೇಕು. ಅದಕ್ಕೂ ಮೊದಲು, ಬೇಲಿಯ ಆಚೆಗಿನವರ ಜೊತೆ ಒಂದು ಮಾತು ಆಗಿರಬೇಕು.

ಕಬ್ಬಿಣ ಸೋತ ಜಾಗ

ಅಪ್ಪ ಮೊದಲು ಹಾಕಿಸಿದ್ದು ಕಬ್ಬಿಣದ ಗ್ರಿಲ್ಲು. ಪ್ರತಿ ವರ್ಷ ಚೌತಿಗೆ ಮುಂಚೆ ಕೆರೆದು, ರೆಡ್ ಆಕ್ಸೈಡ್ ಬಳಿದು, ಮೇಲೆ ಹಸಿರು ಪೇಂಟು ಕೊಡುತ್ತಿದ್ದರು. ಎಂಟು ಮಳೆಗಾಲ ಬಾಳಿತು. ಒಂಬತ್ತನೆಯದರಲ್ಲಿ ಕಂಬಗಳು ಬುಡದಲ್ಲೇ ತುಕ್ಕು ಹಿಡಿದು ಮುರಿದವು. ಮೇಲೆ ಪೇಂಟು ಗಟ್ಟಿಯಾಗಿಯೇ ಇತ್ತು, ಒಳಗೆ ಏನೂ ಉಳಿದಿರಲಿಲ್ಲ.

ಇದು ಅಪ್ಪನ ತಪ್ಪಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಉಳಿದ ದಿನ ಉಪ್ಪಿನ ಗಾಳಿ. ಕಬ್ಬಿಣದ ತುಕ್ಕು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಂಡು ಅದೂ ತುಕ್ಕಾಗುತ್ತದೆ. ಹೀಗೆ ಅದು ನಿಲ್ಲುವುದೇ ಇಲ್ಲ.

ಅಲ್ಯೂಮಿನಿಯಂ ಹಾಗಲ್ಲ. ಗಾಳಿ ತಾಗಿದ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಬೆಳೆಯುತ್ತದೆ. ಆ ಪೊರೆ ಉದುರುವುದಿಲ್ಲ, ಒಳಗಿನದನ್ನು ಕಾಯುತ್ತದೆ. ಗೀರಿದರೂ ಮತ್ತೆ ಬೆಳೆಯುತ್ತದೆ. ಹಳೆಯ ಅಲ್ಯೂಮಿನಿಯಂ ಪಾತ್ರೆ ಅಜ್ಜಿಯ ಕಾಲದಿಂದ ಅಡುಗೆಮನೆಯಲ್ಲಿ ಉಳಿದುಬಂದಿರುವುದು ಈ ಗುಣದಿಂದಲೇ. ತೂಕವೂ ಕಬ್ಬಿಣದ ಮೂರನೇ ಒಂದು ಭಾಗದಷ್ಟು. ಇಬ್ಬರು ಸೇರಿ ಒಂದು ಇಡೀ ಪ್ಯಾನಲ್ ಎತ್ತಿ ನಿಲ್ಲಿಸಬಹುದು.

ಹಾಗಾಗಿ ಅಣ್ಣ ಮಸ್ಕತ್ತಿನಿಂದ ಫೋನ್ ಮಾಡಿ, 'ಈ ಸಲ ಅಲ್ಯೂಮಿನಿಯಂ ಹಾಕ್ಸುವ, ದುಡ್ಡು ನಾ ಕಳಿಸ್ತೆ' ಅಂದಾಗ ಯಾರೂ ಬೇಡ ಅನ್ನಲಿಲ್ಲ. 'ಹಾಕೂದಾದ್ರೆ ನಾಲ್ಕೂ ಸುತ್ತು ಹಾಕ್ಸಿ, ಅರ್ಧಂಬರ್ಧ ಬೇಡ' ಎಂದೂ ಹೇಳಿದ. ಅಲ್ಲೇ ನಾವು ಎಡವಿದ್ದು.

ಒಂದು ರಾತ್ರಿ

ನಮ್ಮ ಹಿತ್ತಲ ಮೂಲೆಯಲ್ಲಿ ಮೊದಲು ಒಂದು ದಣಪೆ ಇತ್ತು. ಬೇರೆ ಜಿಲ್ಲೆಯವರಿಗೆ ಹೇಳುವುದಾದರೆ, ಎರಡು ಗೂಟಕ್ಕೆ ತೂತು ಮಾಡಿ ಅಡ್ಡ ಬಿದಿರಿನ ಗಳು ತೂರಿಸಿದ ದಾರಿ. ಮನುಷ್ಯರು ಗಳು ಸರಿಸಿ ದಾಟುತ್ತಾರೆ, ದನ ದಾಟುವುದಿಲ್ಲ. ಕೆಲವು ಕಡೆ ಇದಕ್ಕೆ ಉಣಗೋಲು ಎನ್ನುತ್ತಾರೆ. ನಮ್ಮ ಹಿಂದಿನ ಮನೆಯವರು ರಸ್ತೆಗೆ ಬರುತ್ತಿದ್ದುದು ಆ ದಣಪೆ ದಾಟಿ, ನಮ್ಮ ಅಂಗಳದ ಬದಿಯಲ್ಲಿ. ಅವರು ನಮಗೆ ರಕ್ತಸಂಬಂಧಿಗಳಲ್ಲ. ಆದರೂ ಚಿಕ್ಕಪ್ಪ, ಚಿಕ್ಕಮ್ಮ ಎಂದೇ ಕರೆದು ರೂಢಿ. ಹಾಲು ತರಲು, ಮಕ್ಕಳು ಶಾಲೆಗೆ ಹೋಗಲು, ಮದುವೆ ಮನೆಗೆ ಬಾಳೆ ಎಲೆ ಸಾಗಿಸಲು ಎಲ್ಲಕ್ಕೂ ಅದೇ ದಾರಿ.

ಬೇಲಿ ಹಾಕುವ ದಿನ ಫಿಟ್ಟರ್ ಹುಡುಗ ಕೇಳಿದ, 'ಇಲ್ಲೊಂದು ದಾರಿ ಇದ್ದ ಹಾಗಿದೆ, ಬಿಡ್ಬೇಕಾ?' ಅವರಿಗೆ ಆಚೆ ಕಡೆ ಇನ್ನೊಂದು ದಾರಿ ಇದೆ ಎಂದೆವು. ಇತ್ತು, ಸುಳ್ಳಲ್ಲ. ಗದ್ದೆಯ ಹಾಳಿ ಮೇಲೆ ಸುತ್ತಿ ಬರುವ ದಾರಿ. ಬೇಸಿಗೆಯಲ್ಲಿ ಐದು ನಿಮಿಷ ಹೆಚ್ಚು. ಚಿಕ್ಕಮ್ಮ ಏನೂ ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ಮುಂದಿನ ಆಷಾಢದಲ್ಲಿ ಒಂದು ರಾತ್ರಿ ಹಿಂದಿನಿಂದ ಕೂಗು ಕೇಳಿತು. ಚಿಕ್ಕಪ್ಪನಿಗೆ ಎದೆನೋವು. ಹೊರಗೆ ಧೋ ಎಂದು ಮಳೆ. ನಮ್ಮ ಅಂಗಳದವರೆಗೆ ರಿಕ್ಷಾ ಬರುತ್ತದೆ. ಅವರ ಅಂಗಳದಿಂದ ನಮ್ಮ ಅಂಗಳಕ್ಕೆ ಮೂವತ್ತು ಹೆಜ್ಜೆ. ನಡುವೆ ನಾಲ್ಕು ಅಡಿ ಎತ್ತರದ, ಮೇಲೆ ಚೂಪು ಮೊನೆಯಿದ್ದ ಹೊಸ ಬೇಲಿ. ಅದರ ಮೇಲಿಂದ ಒಬ್ಬ ರೋಗಿಯನ್ನು ದಾಟಿಸಲು ಆಗಲಿಲ್ಲ. ಕುರ್ಚಿಯ ಮೇಲೆ ಕೂರಿಸಿ, ನಾಲ್ಕು ಜನ ಹೊತ್ತು, ನೀರು ತುಂಬಿದ ಗದ್ದೆಯ ಹಾಳಿ ಮೇಲೆ ಟಾರ್ಚು ಹಿಡಿದು ಸುತ್ತಿ ಬಂದೆವು. ಎರಡು ಸಲ ಜಾರಿದೆವು. ಇಪ್ಪತ್ತು ನಿಮಿಷ ಹಿಡಿಯಿತು.

ಚಿಕ್ಕಪ್ಪ ಬದುಕಿದರು. ಈಗಲೂ ಬೆಳಿಗ್ಗೆ ಪೇಪರ್ ಓದಲು ನಮ್ಮಲ್ಲಿಗೆ ಬರುತ್ತಾರೆ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಬೇರೆ ಏನಾದರೂ ಆಗಿದ್ದರೆ, ನಮ್ಮ ಬೇಲಿ ಎಷ್ಟು ಚೆಂದವಿದ್ದರೂ ಅದರ ಎದುರು ನಿಲ್ಲುವ ಮುಖ ನಮಗೆ ಇರುತ್ತಿರಲಿಲ್ಲ. ಅವರು ಆಸ್ಪತ್ರೆಯಿಂದ ಬಂದ ಮಾರನೇ ದಿನವೇ ಅಮ್ಮ ಫಿಟ್ಟರ್‌ಗೆ ಫೋನ್ ಮಾಡಿಸಿದರು. 'ದಣಪೆ ಇದ್ದಲ್ಲೇ ಗೇಟು ಇಡು ಮಾರಾಯ' ಎಂದಷ್ಟೇ ಹೇಳಿದರು.

ಪೈಪಿಗಿಂತ ಮೊದಲು ಗಡಿ

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಮೂರು ಕೆಲಸ ಮಾಡಿ.

ಮೊದಲನೆಯದು ಗಡಿ. 'ಅಜ್ಜನ ಕಾಲದಿಂದ ಲಕ್ಕಿ ಗಿಡ ಇದ್ದದ್ದೇ ಗಡಿ' ಎಂಬ ಮಾತು ಗಿಡಬೇಲಿಗೆ ನಡೆಯುತ್ತದೆ. ಗಿಡ ಒಂದು ಅಡಿ ಆಚೆ ಈಚೆ ಬೆಳೆದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಕಾಂಕ್ರೀಟಿನಲ್ಲಿ ಕಂಬ ಕೂತ ಮೇಲೆ ಒಂದು ಗೇಣು ಹೆಚ್ಚಾದರೂ ಅದು ಕೋರ್ಟಿನವರೆಗೆ ಹೋಗಬಹುದು. ನಿಮ್ಮ ಮನೆ ಸರ್ವೆ ನಂಬರಿನ ಜಾಗದಲ್ಲಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಸರ್ವೆಯವರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಎಲ್ಲರ ಎದುರಿಗೆ ಅಳತೆ ಮಾಡಿ ಗಡಿ ತೋರಿಸುತ್ತಾರೆ. ಗ್ರಾಮಠಾಣದ ಮನೆಯಾದರೆ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11ರಲ್ಲಿ ಅಳತೆ ಮತ್ತು ಚೆಕ್ಕುಬಂದಿ ನೋಡಿ. ಊರಿನ ಮನೆ ಜಾಗಗಳನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಶುರುವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನಿಮ್ಮೂರಿನ ಅಳತೆ ಮುಗಿದಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ರಸ್ತೆ ಬದಿಯಾದರೆ ಎಷ್ಟು ಬಿಡಬೇಕು ಎಂಬುದನ್ನೂ ಅಲ್ಲೇ ಬರಹದಲ್ಲಿ ಕೇಳಿ ಪಡೆಯಿರಿ. ಬಾಂದುಕಲ್ಲು ಸಿಕ್ಕರೆ ಅದನ್ನು ಕೀಳಬೇಡಿ. ಕಂಬಕ್ಕೆ ಅಡ್ಡ ಬಂತು ಎಂದು ಪಕ್ಕಕ್ಕೆ ಇಡುವುದೂ ಅಪರಾಧವೇ.

ಎರಡನೆಯದು ದಾರಿ ಮತ್ತು ನೀರು. 1882ರ ಈಸ್ಮೆಂಟ್ ಕಾಯ್ದೆ ಎಂಬ ಹಳೆಯ ಕಾನೂನು ಇದೆ. ಬೇರೆಯವರ ಜಾಗದಲ್ಲಿ ದಾರಿಯನ್ನೋ ನೀರಿನ ಹರಿವನ್ನೋ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ಬಳಸಿಕೊಂಡು ಬಂದಿದ್ದರೆ ಅದು ಕಾನೂನಿನ ಕಣ್ಣಿಗೂ ಹಕ್ಕಾಗಬಹುದು. ಒಪ್ಪಿಗೆ ಕೇಳಿ ಓಡಾಡಿದ್ದರೆ ಬೇರೆ ಮಾತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ದಣಪೆ ಮುಚ್ಚುವುದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯ ಎಂದು ನಾವು ತಿಳಿದಿದ್ದೆವು. ಅದು ಅಷ್ಟು ಸರಳವಲ್ಲ ಎಂದು ನಿಮಗೆ ಗೊತ್ತಿರಲಿ. ಮಳೆನೀರಿನದೂ ಹಾಗೆಯೇ. ಮೇಲಿನ ಮನೆಯ ನೀರು ಯಾವ ಮೂಲೆಯಲ್ಲಿ ಇಳಿದು ಹೋಗುತ್ತದೆ ಎಂದು ಜುಲೈಯಲ್ಲಿ ಒಂದು ದಿನ ಛತ್ರಿ ಹಿಡಿದು ನಿಂತು ನೋಡಿ. ಡಿಸೆಂಬರಿನಲ್ಲಿ ಕಂಬ ನೆಡುವಾಗ ಅದು ನೆನಪಿರಬೇಕು.

ಮೂರನೆಯದು ಮಾತು. ಬೇಲಿಯ ಆಚೆಗಿನವರನ್ನು ಅಂಗಳಕ್ಕೆ ಕರೆದು, ಚಹಾ ಕೊಟ್ಟು, ಸುಣ್ಣದ ಗೆರೆ ಹಾಕಿ ತೋರಿಸಿ. ಇಲ್ಲಿ ಬರುತ್ತದೆ, ನಿಮಗೆ ತೊಂದರೆ ಉಂಟಾ ಎಂದು ಕೇಳಿ. ನಾವು ಆಡದೇ ಬಿಟ್ಟ ಮಾತು ಇದೊಂದೇ. ಇದಕ್ಕೆ ಖರ್ಚು ಇಲ್ಲ.

ಅಂಗಡಿಯಲ್ಲಿ ತಕ್ಕಡಿ ಕೇಳಿ

ಈಗ ಸಾಮಾನಿಗೆ ಬರುವ. ನಮ್ಮ ಬೇಲಿಗೆ ಇನ್ನೊಂದು ರೋಗವೂ ಇತ್ತು. ಮೂರನೇ ಮಳೆಗಾಲ ಮುಗಿಯುವಾಗ ಮೂಲೆಯ ಕಂಬ ಅಲುಗಾಡತೊಡಗಿತು. ಬೋಲ್ಟುಗಳ ಸುತ್ತ ಬಿಳಿ ಪುಡಿ, ತೂತುಗಳು ದೊಡ್ಡದಾಗಿದ್ದವು. 'ತುಕ್ಕೇ ಹಿಡಿಯೂದಿಲ್ಲ ಅಂದಿದ್ರಲ್ಲ' ಎಂದು ಅಪ್ಪ ಕೇಳಿದರೆ ಅಂಗಡಿಯವರು ಉಪ್ಪಿನ ಗಾಳಿಯನ್ನು ದೂರಿದರು. ಬೇರೆ ಊರಿನ ಒಬ್ಬ ಹಿರಿಯ ಫಿಟ್ಟರ್ ಬಂದು ನೋಡಿ ಕಾರಣ ತೋರಿಸಿದರು. ಅವರಿಂದ ಕಲಿತದ್ದು ಇದು.

ಪೈಪಿನ ದಪ್ಪ ಮೊದಲು ನೋಡಿ. ಹೊರಗಿನಿಂದ ನೋಡಿದರೆ ಎರಡು ಇಂಚಿನ ಚೌಕದ ಪೈಪುಗಳೆಲ್ಲ ಒಂದೇ. ಗೋಡೆ 1.2 ಮಿಲಿಮೀಟರೋ 2 ಮಿಲಿಮೀಟರೋ ಎಂಬುದು ತುದಿ ನೋಡಿದರೆ ಮಾತ್ರ ತಿಳಿಯುತ್ತದೆ. ಅದಕ್ಕಿಂತ ಸುಲಭದ ದಾರಿ ತೂಕ. 50 ಮಿಲಿಮೀಟರ್ ಚೌಕ, 2 ಮಿಲಿಮೀಟರ್ ದಪ್ಪದ ಹತ್ತು ಅಡಿ ಪೈಪು ಮೂರು ಕಿಲೋಗೆ ಸ್ವಲ್ಪ ಹೆಚ್ಚು ತೂಗುತ್ತದೆ. ಅದೇ 1.2 ಮಿಲಿಮೀಟರಿನದು ಎರಡು ಕಿಲೋ ಕೂಡ ತೂಗುವುದಿಲ್ಲ. ಅಂಗಡಿಯಲ್ಲಿ ತಕ್ಕಡಿ ಇದ್ದೇ ಇರುತ್ತದೆ. ಕಂಬದ ಪೈಪನ್ನು ಅದರ ಮೇಲೆ ಇಡಿಸಿ. ಕಂಬಕ್ಕೆ 2 ಮಿಲಿಮೀಟರಿಗಿಂತ ಕಡಿಮೆ ಬೇಡ. ಗೇಟಿನ ಕಂಬ ಅದಕ್ಕಿಂತಲೂ ದೊಡ್ಡದು, ದಪ್ಪದ್ದು ಇರಲಿ. ಗೇಟಿನ ಭಾರವೆಲ್ಲ ಆ ಒಂದು ಕಂಬದ್ದು. ನಡುವಿನ ಕಡ್ಡಿಗಳು ತೆಳುವಿದ್ದರೂ ನಡೆಯುತ್ತದೆ.

ಎರಡನೆಯದು ಜಾತಿ. ಅಲ್ಯೂಮಿನಿಯಂ ಎಂದು ಮಾರುವುದು ಶುದ್ಧ ಅಲ್ಯೂಮಿನಿಯಂ ಅಲ್ಲ, ಮೆಗ್ನೀಷಿಯಂ ಮತ್ತು ಸಿಲಿಕಾನ್ ಸ್ವಲ್ಪ ಸೇರಿಸಿದ ಮಿಶ್ರಲೋಹ. ಕಿಟಕಿ, ಬಾಗಿಲಿಗೆ ಬರುವ ಸೆಕ್ಷನ್ನು ಸಾಮಾನ್ಯವಾಗಿ 6063. ಅದಕ್ಕಿಂತ ಗಟ್ಟಿಯಾದದ್ದು 6061. ಮನೆಯ ಬೇಲಿಗೆ 6063 ಸಾಕು. ಬಿಲ್ಲಿನ ಮೇಲೆ ಈ ನಂಬರನ್ನೂ ದಪ್ಪವನ್ನೂ ಬರೆಸಿಕೊಳ್ಳಿ. ಬರೆಯಲು ಒಪ್ಪದ ಅಂಗಡಿ ಬಿಟ್ಟು ಮುಂದೆ ಹೋಗಿ.

ಮೂರನೆಯದು ಬಣ್ಣ. ಪೌಡರ್ ಕೋಟಿಂಗ್ ಅಂದರೆ ಬಣ್ಣದ ಪುಡಿಯನ್ನು ವಿದ್ಯುತ್ತಿನಿಂದ ಅಂಟಿಸಿ ಭಟ್ಟಿಯಲ್ಲಿ ಬೇಯಿಸುವುದು. ಬ್ರಷ್ಷಿನ ಪೇಂಟಿಗಿಂತ ಹೆಚ್ಚು ಬಾಳುತ್ತದೆ. ಕೋಟಿಂಗ್ 60ರಿಂದ 80 ಮೈಕ್ರಾನ್ ದಪ್ಪ ಇರಬೇಕು. ಅಂಗಡಿಯವರು ಪೈಪು ಕೊಯ್ದ ತುದಿಗೆ, ತೂತು ಕೊರೆದ ಅಂಚಿಗೆ ಈ ಕೋಟಿಂಗ್ ಇರುವುದಿಲ್ಲ. ಉಪ್ಪು ಒಳಗೆ ಹೋಗುವುದು ಅಲ್ಲಿಂದ. ಕೊಯ್ದ ಜಾಗಕ್ಕೆಲ್ಲ ಟಚಪ್ ಪೇಂಟು ಹಚ್ಚಿ, ತುದಿಗೆ ಪ್ಲಾಸ್ಟಿಕ್ ಕ್ಯಾಪು ಹಾಕಿಸಿ.

ನಾಲ್ಕನೆಯದು ಬೋಲ್ಟು. ನಮ್ಮ ಬೇಲಿ ಕೆಟ್ಟದ್ದು ಇಲ್ಲೇ. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿ, ನಡುವೆ ಉಪ್ಪುನೀರು ಸೇರಿದರೆ ಅದು ಒಂದು ಚಿಕ್ಕ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೋಡಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ನಮ್ಮ ಫಿಟ್ಟರ್ ಹಾಕಿದ್ದು ಸಾದಾ ಕಬ್ಬಿಣದ ಬೋಲ್ಟು. ಸಾವಿರಾರು ರೂಪಾಯಿಯ ಪೈಪನ್ನು ಕೆಲವೇ ರೂಪಾಯಿಯ ಬೋಲ್ಟು ತಿಂದು ಹಾಕಿತು. ಸ್ಟೀಲಿನ, ಅಂದರೆ ತುಕ್ಕು ಹಿಡಿಯದ ಎಸ್ಎಸ್ ಬೋಲ್ಟು ಕೇಳಿ. ಕಡಲ ಹತ್ತಿರವಾದರೆ 316 ನಂಬರಿನದು, ದೂರವಾದರೆ 304 ಸಾಕು. ಬೋಲ್ಟಿಗೂ ಪೈಪಿಗೂ ನಡುವೆ ನೈಲಾನ್ ಅಥವಾ ರಬ್ಬರ್ ವಾಷರ್ ಇರಲೇಬೇಕು. ತಾಮ್ರದ ತಂತಿಯನ್ನು ಬೇಲಿಗೆ ಸುತ್ತಲೇಬೇಡಿ. ಅದು ಕಬ್ಬಿಣಕ್ಕಿಂತಲೂ ಕೆಟ್ಟದ್ದು.

ಗುಂಡಿಯಲ್ಲಿ ಬೇಲಿಯ ಆಯುಸ್ಸು

ಲೆಕ್ಕ ಹೀಗೆ ಹಾಕಿ. ನಮ್ಮ ಮುಂಭಾಗ 64 ಅಡಿ. ಅದರಲ್ಲಿ ಗೇಟಿಗೆ 10. ಉಳಿದ 54 ಅಡಿಗೆ ಆರಡಿಯ ಒಂಬತ್ತು ಪ್ಯಾನಲ್. ಗೇಟು ನಡುವೆ ಬರುವುದರಿಂದ ಕಂಬ ಹನ್ನೊಂದು. ಮೊದಲು ಕಾಗದದ ಮೇಲೆ ಗೆರೆ ಎಳೆದು ಇದನ್ನು ಎಣಿಸಿದರೆ ಅಂಗಡಿಯವರ ಲೆಕ್ಕದಲ್ಲಿ ಹೆಚ್ಚಿದ್ದದ್ದು ಕಂಡುಬರುತ್ತದೆ.

ಕಂಬದ ಮೂರನೇ ಒಂದು ಭಾಗ ಮಣ್ಣಿನೊಳಗೆ ಇರಬೇಕು. ನಾಲ್ಕಡಿ ಮೇಲೆ ಬೇಕಾದರೆ ಎರಡಡಿ ಒಳಗೆ. ನಮ್ಮ ಚಿರೇಕಲ್ಲಿನ ನೆಲದಲ್ಲಿ ಎರಡಡಿ ಗುಂಡಿ ತೋಡುವುದು ಸುಲಭವಲ್ಲ. ಹಾರೆ ಹಾಕಿದರೆ ಕೈ ನಡುಗುತ್ತದೆ. ಹಾಗಾಗಿ ಕೆಲಸದವರು ಒಂದಡಿಗೇ ನಿಲ್ಲಿಸಲು ನೋಡುತ್ತಾರೆ. ನೀವು ಪಕ್ಕದಲ್ಲಿದ್ದು ಟೇಪು ಹಿಡಿಯಿರಿ, ಅವರಿಗೆ ಗುಂಡಿ ಲೆಕ್ಕದಲ್ಲಿ ಕೂಲಿ ಕೊಡಿ, ಬೇಕಾದಷ್ಟು ಸಲ ಚಹಾ ಕೊಡಿ. ಕಡಲ ಬದಿಯ ಹೊಯ್ಗೆ ನೆಲವಾದರೆ ತೋಡುವುದು ಸುಲಭ, ಹಿಡಿತ ಕಡಿಮೆ. ಅಲ್ಲಿ ಗುಂಡಿ ಇನ್ನೂ ಆಳ, ಇನ್ನೂ ಅಗಲ ಇರಬೇಕು.

ಗುಂಡಿಯ ತಳಕ್ಕೆ ನಾಲ್ಕು ಇಂಚು ಜಲ್ಲಿ ಹಾಕಿ, ನೀರು ಇಳಿಯಲು. ಮೇಲೆ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಕಾಂಕ್ರೀಟು. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಹಸಿ ಸಿಮೆಂಟು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸಿಮೆಂಟು ಕ್ಷಾರ. ಸುಣ್ಣದ ನೀರು ಕೈ ಸುಡುವ ಹಾಗೆ ಅದು ಈ ಲೋಹದ ಪೊರೆಯನ್ನು ಕರಗಿಸುತ್ತದೆ. ಹಾಗಾಗಿ ಮಣ್ಣಿನೊಳಗೆ ಹೋಗುವ ಭಾಗಕ್ಕೂ, ನೆಲದಿಂದ ಎರಡು ಇಂಚು ಮೇಲಿನವರೆಗೂ ಕಪ್ಪು ಬಿಟುಮಿನ್ ಪೇಂಟು ಎರಡು ಸಲ ಹಚ್ಚಿ, ಒಣಗಿಸಿ, ಆಮೇಲೆ ನೆಡಿ. ಮೇಲಿನ ಪೈಪಿನ ಮೇಲೆ ಸಿಮೆಂಟು ಸಿಡಿದರೆ ಅದು ಒಣಗುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ. ಕಾಂಕ್ರೀಟಿನ ಮೇಲ್ಭಾಗ ಕಂಬದಿಂದ ಹೊರಗೆ ಇಳಿಜಾರಾಗಿರಲಿ. ತಟ್ಟೆಯ ಹಾಗೆ ತಗ್ಗಿದ್ದರೆ ಬುಡದಲ್ಲೇ ನೀರು ನಿಲ್ಲುತ್ತದೆ.

ಮೂಲೆಯ ಕಂಬಗಳನ್ನು ಮೊದಲು ನಿಲ್ಲಿಸಿ, ನಡುವೆ ದಾರ ಕಟ್ಟಿ, ತೂಗುಗುಂಡು ಹಿಡಿದು ಉಳಿದವನ್ನು ನೆಡಿ. ಒಂದು ವಾರ ಕಾಂಕ್ರೀಟಿಗೆ ನೀರು ಹಾಕಿ, ಆಮೇಲೆ ಪ್ಯಾನಲ್ ಕೂರಿಸಿ. ಬಿಸಿಲಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಆರಡಿಯ ಪ್ಯಾನಲ್ ಒಂದು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಹಿಗ್ಗೀತು. ಎರಡು ತುದಿಯಲ್ಲೂ ಚೂರು ಸಂದು ಬಿಡಿ. ನೆಲ ಇಳಿಜಾರಾದರೆ ಪ್ಯಾನಲ್‌ಗಳನ್ನು ಮೆಟ್ಟಿಲಿನ ಹಾಗೆ ಕೂರಿಸಬೇಕೋ, ನೆಲದ ಜೊತೆಗೇ ಇಳಿಸಬೇಕೋ ಎಂದು ಮೊದಲೇ ಹೇಳಿ. ಮೆಟ್ಟಿಲಿನ ಹಾಗಾದರೆ ಕೆಳಗೆ ಮೂಲೆಮೂಲೆಯಲ್ಲಿ ಸಂದು ಬೀಳುತ್ತದೆ, ನಾಯಿಮರಿ ನುಸುಳುತ್ತದೆ.

ಕಡ್ಡಿಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದು ಬೇಡ, ಮಗುವಿನ ತಲೆ ಸಿಕ್ಕಿಕೊಳ್ಳಬಾರದು. ಕೆಳಗೆ ನೆಲದಿಂದ ಎರಡು ಇಂಚು ಬಿಡಿ, ನೀರು ಹೋಗಲಿ. ಪೂರ್ತಿ ಮುಚ್ಚುವ ಶೀಟು ಹಾಕಿಸಿದರೆ ಜೂನಿನ ಗಾಳಿಗೆ ಅದು ಹಾಯಿಯ ಹಾಗೆ ಉಬ್ಬಿ ಕಂಬವನ್ನು ಎಳೆಯುತ್ತದೆ. ಮೇಲಿನ ಚೂಪು ಮೊನೆ ಬೇಡವೇ ಬೇಡ. ಕಳ್ಳ ಅದಕ್ಕೆ ಹೆದರುವುದಿಲ್ಲ, ಗಾಯವಾಗುವುದು ಮಕ್ಕಳಿಗೆ ಮತ್ತು ಕರುವಿಗೆ.

ಕರೆಂಟಿನ ಬಗ್ಗೆ ಒಂದು ಮಾತು. ಬೇಲಿ ಲೋಹದ್ದು. ಮನೆಗೆ ಬರುವ ಸರ್ವಿಸ್ ವೈರನ್ನಾಗಲಿ, ಪಂಪಿನ ವೈರನ್ನಾಗಲಿ, ಹಬ್ಬದ ಲೈಟಿನ ಸರವನ್ನಾಗಲಿ ಅದರ ಮೇಲೆ ಹಾಯಿಸಬೇಡಿ. ಎಲ್ಲೋ ಒಂದು ಕಡೆ ವೈರು ಸುಲಿದರೆ ಬೇಲಿಯ ಅಷ್ಟೂ ಉದ್ದಕ್ಕೆ ಕರೆಂಟು. ಹಂದಿ ಬರುತ್ತದೆ ಎಂದು ಬೇಕೆಂದೇ ಮನೆಯ ಕರೆಂಟು ಕೊಡುವವರೂ ಇದ್ದಾರೆ. ಅದು ಅಪರಾಧ. ಸಾಯುವುದು ಹಂದಿಯೇ ಆಗಬೇಕೆಂದಿಲ್ಲ.

ಎಲ್ಲಿ ಬೇಡ

'ಇಷ್ಟೆಲ್ಲ ಮಾಡಿ ಹಾಕಿಸಿದ ಮೇಲೆ ನಾಲ್ಕೂ ಸುತ್ತು ಯಾಕೆ ಬೇಡ?' ಎಂದು ಅಣ್ಣ ಈಗಲೂ ಕೇಳುತ್ತಾನೆ. ಅವನ ಮಾತಿನಲ್ಲೂ ನ್ಯಾಯ ಇದೆ. ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುತ್ತಾರೆ, ದೂರದಲ್ಲಿರುವ ಮಗನಿಗೆ ಬೇಲಿ ಒಂದು ಧೈರ್ಯ. ವರ್ಷ ವರ್ಷ ಗಿಡಬೇಲಿ ಕಡಿದು ಕಟ್ಟಲು ಆಳು ಸಿಗುವುದಿಲ್ಲ ಎಂಬುದೂ ನಿಜ.

ನನ್ನ ಉತ್ತರ ಇಷ್ಟು. ಅಲ್ಯೂಮಿನಿಯಂ ಹಗುರ, ಮೆದು. ಎಮ್ಮೆ ಮೈ ಉಜ್ಜಿದರೆ ಬಾಗುತ್ತದೆ. ಕಾಡುಹಂದಿಗೆ ಅದು ಲೆಕ್ಕಕ್ಕಿಲ್ಲ, ಮಂಗನಿಗೆ ಅದು ಏಣಿ. ತೋಟ ಕಾಯಲು ಅದು ಬೇಲಿಯೇ ಅಲ್ಲ. ಬಾಗಿದ ಕಬ್ಬಿಣವನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಸರಿ ಮಾಡಿಸಬಹುದು. ಅಲ್ಯೂಮಿನಿಯಂ ವೆಲ್ಡಿಂಗ್‌ಗೆ ಬೇರೆ ಮೆಷಿನ್ನು, ಬೇರೆ ಕೈ ಬೇಕು. ಸಾಮಾನ್ಯವಾಗಿ ಇಡೀ ಪ್ಯಾನಲ್ಲೇ ಬದಲಾಯಿಸಬೇಕು. ಇನ್ನು ಗುಜರಿಯಲ್ಲಿ ಕಬ್ಬಿಣಕ್ಕಿಂತ ಅಲ್ಯೂಮಿನಿಯಂಗೆ ಹೆಚ್ಚು ಬೆಲೆ. ಯಾರ ಕಣ್ಣಿಗೂ ಬೀಳದ ಹಿತ್ತಲ ಮೂಲೆಯಲ್ಲಿ ಬೋಲ್ಟು ಬಿಚ್ಚಿ ಹೊತ್ತೊಯ್ಯಲು ಅದರಷ್ಟು ಹಗುರದ್ದು ಬೇರೆ ಇಲ್ಲ.

ಹಾಗಾಗಿ ರಸ್ತೆಯ ಕಡೆಗೆ, ಕಡಲಗಾಳಿ ಹೊಡೆಯುವ ಕಡೆಗೆ ಅಲ್ಯೂಮಿನಿಯಂ. ದನ ಬರುವ ಪಕ್ಕಕ್ಕೆ ಕಲ್ಲಿನ ಕಂಬ, ತಂತಿ ಬಲೆ. ಮಣ್ಣು ಜಾರುವ ಕಡೆಗೆ ಚಿರೇಕಲ್ಲಿನ ಗಿಡ್ಡ ಪಾಗಾರ, ನೀರಿಗೆ ಕಂಡಿ ಬಿಟ್ಟು. ನೆರೆಮನೆಯ ಕಡೆಗೆ ದಾಸವಾಳ, ಲಕ್ಕಿ, ಗ್ಲಿರಿಸಿಡಿಯಾ. ಗ್ಲಿರಿಸಿಡಿಯಾದ ಸೊಪ್ಪು ತೋಟಕ್ಕೆ ಗೊಬ್ಬರ, ದಾಸವಾಳ ದೇವರಿಗೆ, ಲಕ್ಕಿ ಸೊಪ್ಪು ಮೈಕೈ ನೋವಿಗೆ. ಬೇರೆ ಯಾವ ಬೇಲಿ ಹೀಗೆ ಏನಾದರೂ ವಾಪಸು ಕೊಡುತ್ತದೆ? ನಾಲ್ಕು ಸುತ್ತಿನ ತೆಳು ಅಲ್ಯೂಮಿನಿಯಂನ ದುಡ್ಡಿನಲ್ಲಿ ಒಂದು ಸುತ್ತು ಗಟ್ಟಿ ಅಲ್ಯೂಮಿನಿಯಂ ಮಾಡಿಸಿ ಉಳಿದದ್ದನ್ನು ಹೀಗೆ ಹಂಚಬಹುದು.

ನಾವು ಕೊನೆಗೆ ಮಾಡಿದ್ದೂ ಇದನ್ನೇ. ಹಿಂದಿನ ಪ್ಯಾನಲ್‌ಗಳನ್ನು ಬಿಚ್ಚಿ, ಮುಂಭಾಗದಲ್ಲಿ ಕೆಟ್ಟಿದ್ದವಕ್ಕೆ ಬದಲಾಗಿ ಹಾಕಿದೆವು. ಹೊಸ ಕಂಬ ತಂದು, ಬಿಟುಮಿನ್ ಹಚ್ಚಿ, ಎಸ್ಎಸ್ ಬೋಲ್ಟು ಹಾಕಿಸಿದೆವು. ಮಳೆ ಇಲ್ಲದ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಅಪ್ಪ ಬಾವಿಯ ಸಿಹಿನೀರಿನಿಂದ ಬೇಲಿ ತೊಳೆಯುತ್ತಾರೆ, ಕೂತ ಉಪ್ಪು ಹೋಗಲೆಂದು. ಪೇಂಟು ಕೆರೆಯುವ ಕೆಲಸ ಮಾತ್ರ ತಪ್ಪಿತು. ಹಿತ್ತಲಿಗೆ ಚಿಕ್ಕಮ್ಮ ತಮ್ಮ ಕಡೆಯಿಂದಲೇ ದಾಸವಾಳದ ಗೆಲ್ಲು ತಂದು ನೆಟ್ಟರು.

ದಣಪೆಯ ಜಾಗದ ಆ ಮೂರೂವರೆ ಅಡಿ ಗೇಟನ್ನು ಹಾಗೆಯೇ ಉಳಿಸಿದ್ದೇವೆ. ಕುರ್ಚಿ ಹೊತ್ತು ನಾಲ್ಕು ಜನ ದಾಟುವಷ್ಟು ಅಗಲ ಎಂದು ಅಮ್ಮ ಅಳತೆ ಕೊಟ್ಟಿದ್ದರು. ಅದಕ್ಕೆ ಚಿಲಕ ಇದೆ, ಬೀಗ ಹಾಕುವುದಿಲ್ಲ. ನೀವು ಈ ಬೇಸಿಗೆಯಲ್ಲಿ ಬೇಲಿ ಹಾಕಿಸುವವರಾದರೆ, ಬಣ್ಣದ ಕಾರ್ಡು ನೋಡುವ ಮುಂಚೆ ಒಂದು ಸಲ ಹಿತ್ತಲಿಗೆ ಹೋಗಿ ನಿಲ್ಲಿ. ಹುಲ್ಲು ಸವೆದ ಜಾಗ ಎಲ್ಲಿದೆ ನೋಡಿ. ಗೇಟು ಅಲ್ಲಿಗೆ ಬರಬೇಕು.